ಯಾವ ಧರ್ಮದವರು ಎಂಬ ಪ್ರಶ್ನೆ

ದೇವದುರ್ಗ ತಾಲೂಕಿನ ಗೂಗಲ್‌ನಲ್ಲಿ ಕೃಷ್ಣೆಯ ದಡದ ಮೇಲೆ ಅಲ್ಲಮಪ್ರಭುವಿನ ಗುಡಿಯಿದೆ. ಅದೇ ನದಿಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರ. ಈತನನ್ನು ಮೌನುದ್ದೀನ್ ಎಂದೂ ಕರೆಯುತ್ತಾರೆ. ಜಾತ್ರೆಯ ಜಯಘೋಷದಲ್ಲಿ ಓಂಕಾರದ ಜೊತೆ ಪೀರರೂ ಬರುತ್ತಾರೆ. ಹೊರಗಿನಿಂದ ಬಂದ ಅಧ್ಯಯನಕಾರರು ಮೊದಲು ಕೇಳುವುದು, 'ಈತ ಯಾವ ಧರ್ಮದವನು?' ಎಂದು. ಕೃಷ್ಣಾತೀರದ ಭಕ್ತರಿಗೆ ಹೊಳೆಯದ ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಜಪಾನಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

1858ರಲ್ಲಿ ಅಮೆರಿಕ ಜಪಾನಿನೊಡನೆ ಮಾಡಿಕೊಂಡ ಒಪ್ಪಂದದಲ್ಲಿ 'ರಿಲಿಜನ್' ಎಂಬ ಪದವಿತ್ತು. ಜಪಾನಿಯಲ್ಲಿ ಅದಕ್ಕೆ ಸರಿಸಮನಾದ ಒಂದು ಪದ ಇರಲಿಲ್ಲ. ಭಾಷಾಂತರಕಾರರು ಹಲವು ಪದಗಳನ್ನು ಬಳಸಿ ನೋಡಿದರು. ಕೊನೆಗೆ ಬೌದ್ಧರ ಹಳೆಯ ಪದವಾದ 'ಶೂಕ್ಯೋ' 1870ರ ದಶಕದಲ್ಲಿ ನೆಲೆಗೊಂಡಿತು. ಮಗು ಹುಟ್ಟಿದಾಗ ಶಿಂತೋ ಗುಡಿಗೆ, ಸತ್ತಾಗ ಬೌದ್ಧ ಭಿಕ್ಷುವಿನ ಬಳಿಗೆ ಹೋಗುವ ಜನರನ್ನು ಈ ಪದದೊಳಗೆ ಕೂಡಿಸುವುದು ಸುಲಭವಾಗಿರಲಿಲ್ಲ. ಇಂದಿಗೂ ಅಲ್ಲಿನ ಸರ್ಕಾರಿ ಲೆಕ್ಕದಲ್ಲಿ ಎಲ್ಲ ಧರ್ಮಗಳ ಅನುಯಾಯಿಗಳನ್ನು ಕೂಡಿಸಿದರೆ ದೇಶದ ಜನಸಂಖ್ಯೆಯನ್ನೂ ಮೀರುತ್ತದೆ.

ಆದರೆ ಆ ಪದ ಪ್ರಭುತ್ವದ ಕೈಗೆ ಸಿಕ್ಕಾಗ ಆದದ್ದು ಬೇರೆ. 1889ರ ಸಂವಿಧಾನ ಧರ್ಮಸ್ವಾತಂತ್ರ್ಯವನ್ನು ಕೊಟ್ಟಿತು. 1900ರಲ್ಲಿ ಶಿಂತೋ ಗುಡಿಗಳ ಕಚೇರಿಯನ್ನು ಧರ್ಮಗಳ ಕಚೇರಿಯಿಂದ ಬೇರ್ಪಡಿಸಲಾಯಿತು. ಶಿಂತೋ ಆಚರಣೆ ಧರ್ಮವಲ್ಲ, ನಾಗರಿಕ ಕರ್ತವ್ಯ ಎಂಬುದು ವಾದ. ಧರ್ಮವಲ್ಲವೆಂದ ಮೇಲೆ ಎಲ್ಲರೂ ತಲೆಬಾಗಲೇಬೇಕಲ್ಲ! 1932ರಲ್ಲಿ ಟೋಕಿಯೋದ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕ್ಯಾಥೊಲಿಕ್ ವಿದ್ಯಾರ್ಥಿಗಳು ಯಾಸುಕುನಿ ಗುಡಿಯಲ್ಲಿ ನಮಿಸಲು ನಿರಾಕರಿಸಿದಾಗ ದೊಡ್ಡ ಗಲಾಟೆಯಾಯಿತು. ಪ್ರಭುತ್ವ ಮತ್ತು ಶಿಂತೋ ಬೇರೆಯಾದದ್ದು 1945ರ ಸೋಲಿನ ನಂತರ. 'ಇದು ಧರ್ಮವಲ್ಲ, ನಮ್ಮ ಸಂಸ್ಕೃತಿ' ಎಂಬ ಮಾತನ್ನು ನಾವೂ ಕೇಳಿದ್ದೇವೆ.

ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, 1881ರಲ್ಲಿ, ಹೈದರಾಬಾದ್ ಸಂಸ್ಥಾನದ ಮೊದಲ ಜನಗಣತಿ ನಡೆಯಿತು. ಒಬ್ಬರಿಗೆ ಒಂದೇ ಧರ್ಮ ಎಂಬುದು ಗಣತಿಯ ಲೆಕ್ಕ. 1911ರಲ್ಲಿ ಮುಂಬೈ ಪ್ರಾಂತ್ಯದ ಗಣತಿಯವರು 'ಹಿಂದೂ-ಮುಹಮ್ಮದೀಯರು' ಎಂಬ ವರ್ಗವನ್ನೇ ಬರೆದುಕೊಂಡಾಗ ಮೇಲಧಿಕಾರಿ ಒಪ್ಪಲಿಲ್ಲ. ತಿಂಥಣಿಯಂಥ ಜಾಗಗಳನ್ನು ನಾವು 'ಸಾಮರಸ್ಯದ ತಾಣ' ಎಂದು ಹೊಗಳುವಾಗಲೂ ಎರಡು ಧರ್ಮಗಳು ಮೊದಲೇ ಬೇರೆ ಬೇರೆಯಾಗಿದ್ದು ಆಮೇಲೆ ಬೆರೆತವೆಂದೇ ಭಾವಿಸುತ್ತೇವೆ. ಭಕ್ತರ ಅನುಭವ ಹಾಗಿರಬೇಕಿಲ್ಲ.

ಕಚೇರಿಗಳಿಗಂತೂ ಒಂದೇ ಹೆಸರು ಬೇಕು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯನ್ನು 1975ರಲ್ಲಿ ಮುಜರಾಯಿಯಿಂದ ವಕ್ಫ್‌ಗೆ ವರ್ಗಾಯಿಸಲಾಯಿತು. ಅದು ಇಬ್ಬರೂ ನಡೆದುಕೊಳ್ಳುವ ಸ್ಥಳವೆಂದು 1980ರಲ್ಲಿ ಜಿಲ್ಲಾ ನ್ಯಾಯಾಲಯ ಹೇಳಿ ಮುಜರಾಯಿಗೇ ಮರಳಿಸಿತು. ಇಬ್ಬರದೂ ಎಂದು ಬರೆದುಕೊಳ್ಳುವ ಮೂರನೆಯ ಇಲಾಖೆ ಸರ್ಕಾರದಲ್ಲಿರಲಿಲ್ಲ.