ರಿಜಿಸ್ಟ್ರೇಷನ್

ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ನಿಂತ ಗಾಡಿಗಳಲ್ಲಿ ಹೆಚ್ಚಿನವು ಕೆಎ 03, ಕೆಎ 53. ಇಂದಿರಾನಗರ, ಕೆ.ಆರ್. ಪುರದ ಆರ್‌ಟಿಒಗಳ ರಿಜಿಸ್ಟ್ರೇಷನ್. ನಮಗೆ ಪರಿಚಯವಿರುವ ಅರ್ಥ ಇದೇ: ನೋಂದಣಿ. ಸ್ಕ್ಯಾನ್ ಕೋಣೆಯಲ್ಲಿ ಮಾತ್ರ ಈ ಪದಕ್ಕೆ ಬೇರೆಯೇ ಕೆಲಸ.

ಮೂಲ ಲ್ಯಾಟಿನ್ನಿನ ‘ರೆಜೆಸ್ತ’, ಅಂದರೆ ಬರೆದಿಟ್ಟ ಪಟ್ಟಿ. ಮುದ್ರಣಕಾರರ ಕೈಗೆ ಬಂದಾಗ ಅರ್ಥ ತಿರುಗಿತು. ಒಂದು ಬಣ್ಣದ ಅಚ್ಚಿನ ಮೇಲೆ ಇನ್ನೊಂದು ಕೂದಲೆಳೆಯಷ್ಟೂ ಸರಿಯದೆ ಕೂತರೆ ‘ರಿಜಿಸ್ಟರ್ ಸರಿಯಿದೆ’ ಎನ್ನುತ್ತಿದ್ದರು. ವೈದ್ಯಕೀಯದ ಅರ್ಥವೂ ಈ ಜಾಡಿನದೇ: ಒಂದು ಸ್ಕ್ಯಾನ್ ಚಿತ್ರವನ್ನು ಇನ್ನೊಂದರ ಮೇಲೆ ಸರಿಯಾಗಿ ಕೂರಿಸುವುದು.

ಸಿ.ಟಿ. ಅಂಗದ ಆಕಾರ ತೋರಿಸುತ್ತದೆ. ಪೆಟ್ ಸ್ಕ್ಯಾನ್ ಆ ಅಂಗ ಎಷ್ಟು ಸಕ್ಕರೆ ಹೀರುತ್ತಿದೆ, ಹೇಗೆ ದುಡಿಯುತ್ತಿದೆ ಎಂದು ತೋರಿಸುತ್ತದೆ. ಎರಡನ್ನೂ ಬಿಂದುವಿಗೆ ಬಿಂದು ಕೂರಿಸಿದರಷ್ಟೇ ಹೊಳೆಯುವ ಚುಕ್ಕೆ ಯಕೃತ್ತಿನದೋ ಪಕ್ಕದ ಶ್ವಾಸಕೋಶದ್ದೋ ತಿಳಿಯುವುದು. ತಲೆಬುರುಡೆಯೊಳಗಿನ ಮಿದುಳನ್ನು ಹೊಂದಿಸುವುದು ಸುಲಭ, ತಿರುಗಿಸಿ ಸರಿಸಿದರೆ ಸಾಕು. ಯಕೃತ್ತು ಉಸಿರಿನೊಡನೆ ಮೇಲೆ ಕೆಳಗೆ ಜಾರುತ್ತದೆ, ಆಕಾರವೂ ಬದಲಾಗುತ್ತದೆ. ಅಲ್ಲಿ ಚಿತ್ರವನ್ನೇ ಎಳೆದು ಬಾಗಿಸುವ ಗಣಿತ ಬೇಕು. 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎರಡೂ ಸ್ಕ್ಯಾನರುಗಳನ್ನು ಒಂದೇ ಯಂತ್ರದಲ್ಲಿ ಜೋಡಿಸಿದರು. ಉಸಿರಾಟದ ತೊಡಕು ಆಮೇಲೂ ಉಳಿಯಿತು.

ಕನ್ನಡದಲ್ಲಿ ಈ ರಿಜಿಸ್ಟ್ರೇಷನ್ನನ್ನು ‘ಚಿತ್ರ ನೋಂದಣಿ’ ಎಂದರೆ ತಪ್ಪು ದಾರಿ ಹಿಡಿದಂತೆ. ಹಳಗನ್ನಡದ ‘ಪೊಂದು’ವಿನಿಂದ ಬಂದ ‘ಹೊಂದಿಕೆ’ ನಮ್ಮಲ್ಲಿದೆ; ‘ಚಿತ್ರಹೊಂದಿಕೆ’ ಎನ್ನುವುದೇ ಸರಿ.

ಮುಂದಿನ ಸ್ಕ್ಯಾನಿಗೆ ಹೋಗುವಾಗ, ಹೊಸ ಚಿತ್ರದೊಡನೆ ಹೊಂದಿಸಿ ನೋಡಲು, ಹಳೆಯ ಫಿಲ್ಮು, ಸಿಡಿ ಮರೆಯದೆ ಒಯ್ಯಿರಿ. ಉಸಿರು ಹಿಡಿಯಿರಿ ಎಂದಾಗ ಹಿಡಿಯಿರಿ.