ಕಲ್ಲು ಸವೆಯಲಿಲ್ಲ, ಅಡಿ ಕುಸಿಯಿತು

ಹ್ಯಾಂಡ್‌ಪೋಸ್ಟ್ ಎಂದರೆ ಕೈ ಚಾಚಿ ದಾರಿ ತೋರಿಸುವ ಕಂಬ. ಕೋಟೆಗೆ, ಸರಗೂರಿಗೆ, ಮಾನಂದವಾಡಿಗೆ ದಾರಿ ಬೇರೆಯಾಗುವ ಈ ಸರ್ಕಲ್ಲಿನ ಸುತ್ತಲ ಊರುಗಳಲ್ಲಿ ಈಗ ಎಲ್ಲಿ ನೋಡಿದರೂ ಇಂಟರ್‌ಲಾಕ್. ದೇವಸ್ಥಾನದ ಮುಂದೆ, ಶಾಲೆಯ ಅಂಗಳದಲ್ಲಿ, ಪಂಚಾಯ್ತಿ ಆಫೀಸಿನ ಎದುರು, ಕೊನೆಗೆ ಬೀದಿಗೂ ಬಂತು.

ನಮ್ಮ ಬೀದಿಗೆ ಹಾಕಿದಾಗ ಮಕ್ಕಳು ಚಪ್ಪಲಿ ಬಿಟ್ಟು ಓಡಾಡಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಶುಂಠಿ ಹೊತ್ತ ಟ್ರ್ಯಾಕ್ಟರ್ ಚಕ್ರದ ಜಾಡು ಗುಳಿಯಾಯಿತು. ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವ ಅಜ್ಜಿಯರು ಗೋಡೆ ಹಿಡಿದು ನಡೆಯುವಂತಾಯಿತು. ರಿಪೇರಿಗೆ ಬಂದ ಗಾರೆ ಕೆಲಸದವರು ಒಂದು ಬ್ಲಾಕ್ ಎತ್ತಿ ನೋಡಿ, "ಇದಕ್ಕೇನೂ ಆಗಿಲ್ಲ ಕಣಪ್ಪ, ಅಡಿ ಹೋಗ್ಬುಟ್ಟದೆ" ಅಂದರು. ಇಟ್ಟಿಗೆ ಬೀದಿಗಳ ಚರಿತ್ರೆ ಹುಡುಕಿದರೆ ಈ ಮಾತೇ ಮತ್ತೆ ಮತ್ತೆ ಎದುರಾಗುತ್ತದೆ.

ನಮ್ಮ ಕಡೆ ಇಟ್ಟಿಗೆ ರಸ್ತೆ ಬೆಳೆಯದಿದ್ದಕ್ಕೆ ಕಾರಣ ಸರಳ: ಕಲ್ಲಿಗೆ ಬರವಿಲ್ಲ. ಜಲ್ಲಿ, ಗ್ರಾವೆಲ್ ಹಾಕಿ ದಮ್ಮಸ್ಸು ಮಾಡಿದರೆ ರಸ್ತೆ. ಬಂಗಾಳದಲ್ಲಿ ಹಾಗಲ್ಲ. ಅಲ್ಲಿ ನದಿ ತಂದು ಹಾಕಿದ ಮಣ್ಣೇ ಮಣ್ಣು, ಕಲ್ಲು ಸಿಗುವುದು ಅಪರೂಪ. ಆದ್ದರಿಂದ ಮಣ್ಣನ್ನೇ ಸುಟ್ಟು ಇಟ್ಟಿಗೆ ಮಾಡಿ ಹಳ್ಳಿ ರಸ್ತೆಗೆ ಹಾಸಿದರು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇವತ್ತಿಗೂ ಮೀನಿನ ಮುಳ್ಳಿನ ಸಾಲಿನಂತೆ ಜೋಡಿಸಿದ ಇಟ್ಟಿಗೆ ರಸ್ತೆಗಳಿವೆ.

ಮನೆ ಕಟ್ಟುವ ಇಟ್ಟಿಗೆ ರಸ್ತೆಗೆ ಆಗುವುದಿಲ್ಲ. ಅದು ನೀರು ಕುಡಿಯುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ರಷ್ಟು ನೀರು ಹೀರಿದರೂ ಪಾಸು. ರಸ್ತೆಯ ಇಟ್ಟಿಗೆಯನ್ನು ಗಾಜಿನಂತೆ ಬಿಗಿಯಾಗುವವರೆಗೆ ಸುಡಬೇಕು. ನೆದರ್‌ಲ್ಯಾಂಡ್ಸಿನವರು ಇಂಥದ್ದನ್ನು 'ಕ್ಲಿಂಕರ್' ಎನ್ನುತ್ತಾರೆ. ಬಡಿದರೆ ಕಿಣಿಕಿಣಿ ಎನ್ನುವುದರಿಂದ ಬಂದ ಹೆಸರು. ನಮ್ಮ ಮೇಸ್ತ್ರಿಗಳೂ ಎರಡು ಇಟ್ಟಿಗೆ ತಾಗಿಸಿ ಸದ್ದು ಕೇಳಿಯೇ ಲೋಡು ಇಳಿಸಿಕೊಳ್ಳುವುದು!

ಇಂಟರ್‌ಲಾಕ್ ಹುಟ್ಟಿದ್ದಕ್ಕೂ ಆ ದೇಶದ ನಂಟಿದೆ. 1940ರಲ್ಲಿ ಬಾಂಬ್ ದಾಳಿಗೆ ರಾಟರ್‌ಡ್ಯಾಮ್ ನಗರದ ನಡುಭಾಗ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಸಿಕ್ಕ ಇಟ್ಟಿಗೆ ಮನೆ ಕಟ್ಟಲಿಕ್ಕೇ ಸಾಲದು. ಬೀದಿಗೆ ಅದೇ ಅಳತೆಯ ಸಿಮೆಂಟ್ ಬ್ಲಾಕ್ ಎರಕ ಹೊಯ್ದು ಹಾಸಿದರು. ಒಂದರೊಳಗೊಂದು ಕಚ್ಚಿಕೊಳ್ಳುವ ಅಂಕುಡೊಂಕು ಆಕಾರ ಬಂದದ್ದು 1960ರ ದಶಕದಲ್ಲಿ, ಜರ್ಮನಿಯಲ್ಲಿ. ಆ ನಗರದ ನೆಲ ಮೆತ್ತಗೆ, ಕುಸಿಯುತ್ತಲೇ ಇರುತ್ತದೆ. ಅವರು ಬೀದಿಯನ್ನು ಬಿಚ್ಚಿ, ಅಡಿ ಸರಿಮಾಡಿ, ಅದೇ ಇಟ್ಟಿಗೆಯನ್ನು ಮತ್ತೆ ಜೋಡಿಸುತ್ತಾರೆ. ಟಾರು ಕಿತ್ತರೆ ಹೀಗೆ ಮತ್ತೆ ಜೋಡಿಸಲಾದೀತೇ?

ನಮ್ಮ ರಾಜ್ಯದ್ದೇ ಉದಾಹರಣೆ ಬೆಂಗಳೂರಿನ ಚರ್ಚ್ ಸ್ಟ್ರೀಟ್. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಗೆ ಹೋಗುವ ಆ ಬೀದಿಗೆ ಗ್ರಾನೈಟ್ ಕಲ್ಲು ಹಾಸಿ 2018ರಲ್ಲಿ ಬಿಟ್ಟುಕೊಟ್ಟರು. ವಿನ್ಯಾಸ ನಮ್ಮ ಕಸೂತಿಯದು. ಗ್ರಾನೈಟಿಗಿಂತ ಗಟ್ಟಿ ಏನಿದೆ? ಆದರೂ ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಕಲ್ಲು ಸಡಿಲವಾಗಿ ರಿಪೇರಿಗೆ ಬಂತು. ಇಂಥ ಬೀದಿಯಲ್ಲಿ ಸಂದಿಯ ಪುಡಿ ಹೋದರೆ ಕಲ್ಲು ಅಲ್ಲಾಡುತ್ತದೆ, ಅಲ್ಲಾಡಿದರೆ ನೀರು ಇಳಿಯುತ್ತದೆ, ನೀರು ಇಳಿದರೆ ಅಡಿಯ ಮರಳು ಜಾಗ ಬಿಡುತ್ತದೆ. ಮೇಲೆ ಕಾರು ಓಡುತ್ತಲೇ ಇರುತ್ತದೆ.

ಬ್ಲಾಕಿಗೂ ಲೆಕ್ಕವಿದೆ. 2006ರ ಭಾರತೀಯ ಮಾನದಂಡದಂತೆ ಬರೀ ಜನ ಓಡಾಡುವ ಕಡೆಗೆ 50 ಮಿ.ಮೀ. ದಪ್ಪ ಸಾಕಿತ್ತು. ಹಗುರ ವಾಹನಕ್ಕೆ 60, ಮಧ್ಯಮ ಓಡಾಟಕ್ಕೆ 80, ಭಾರಿ ಓಡಾಟಕ್ಕೆ 100. ಹೀರುವ ನೀರು ಸರಾಸರಿ ಶೇ. 6 ದಾಟಬಾರದಿತ್ತು. ಟೇಪು ಹಿಡಿದರೆ ದಪ್ಪ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದಿರುವುದು ಅಡಿಯದು: ಜಲ್ಲಿ ಎಷ್ಟು ಹಾಕಿದರು, ರೋಲರ್ ಎಷ್ಟು ಸಲ ಓಡಿತು, ಬ್ಲಾಕ್ ಪಕ್ಕಕ್ಕೆ ಸರಿಯದಂತೆ ಅಂಚುಕಲ್ಲು ಕೂರಿಸಿದರೋ ಇಲ್ಲವೋ. ಹತ್ತಿ ಬೆಳೆಯುವ ಎರೆ ಮಣ್ಣಿನ ಊರಿನಲ್ಲಂತೂ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಬ್ಲಾಕ್ ಹಾಸಿದ ಮೇಲೆ ಕೇಳಿ ಪ್ರಯೋಜನವಿಲ್ಲ; ಕೇಳುವುದಿದ್ದರೆ ಜಲ್ಲಿ ಸುರಿಯುವ ದಿನವೇ ಬೀದಿಗೆ ಬಂದು ನಿಲ್ಲಬೇಕು.

ನಮ್ಮ ಬೀದಿಯಲ್ಲಿ ಹಾಸಿದ ಮೇಲೆ ನಲ್ಲಿ ಪೈಪಿಗಾಗಿ ಒಮ್ಮೆ ಅಗೆದಿದ್ದರು. ಮಣ್ಣನ್ನು ಹಾಗೇ ತುಂಬಿ, ಮೇಲೆ ಬ್ಲಾಕ್ ಇಟ್ಟು ಹೋದರು. ಗುಳಿ ಬಿದ್ದದ್ದು ಸರಿಯಾಗಿ ಆ ಸಾಲಿನಲ್ಲೇ. ಮೊನ್ನೆ ಕಿತ್ತ ಬ್ಲಾಕುಗಳನ್ನು ಹೊಂಗೆ ಮರದ ಕೆಳಗೆ ಪೇರಿಸಿದ್ದಾರೆ. ನಾವು ಎಣಿಸಿ ನೋಡಿದೆವು: 212 ಇವೆ, ಒಡೆದದ್ದು ಮೂರು. ಸದ್ಯಕ್ಕೆ ಹುಡುಗರಿಗೆ ಅದೇ ವಿಕೆಟ್ಟು.