ಹಳೇ ಡಿಫೆಂಡರ್, ಹೊಸ ಎಂಜಿನ್: ಗಾಡಿಯ ವಯಸ್ಸು ಎಲ್ಲಿರುತ್ತೆ?

ಹಳೇ ಗಾಡಿಗಳ ಸರಣಿಯಲ್ಲಿ ಇವತ್ತು ಲ್ಯಾಂಡ್ ರೋವರ್ ಡಿಫೆಂಡರ್. ಅಮೆರಿಕದವರ ರೀಲ್ಸ್ ನೀವೂ ನೋಡಿರ್ತೀರಿ. ಹೊರಗೆ ಡಬ್ಬದಂಥ 1990ರ ಬಾಡಿ, ಬಾನೆಟ್ ಎತ್ತಿದ್ರೆ ಜನರಲ್ ಮೋಟಾರ್ಸ್‌ನ ವಿ8 ಎಂಜಿನ್. ಅದಕ್ಕೆ ‘ಕಲೆಕ್ಟರ್ ಕಾರು’ ಅಂತ ವಿಶೇಷ ವಿಮೆ ಬೇರೆ! ಒಳಗಿನದೆಲ್ಲ ಹೊಸದಾದ್ಮೇಲೆ ಅದು ಹಳೇ ಗಾಡಿ ಹೇಗಾಗುತ್ತೆ? ಕೇಳೋಕೆ ತಮಾಷೆ ಪ್ರಶ್ನೆ. ಆದ್ರೆ ಇದೇ ಪ್ರಶ್ನೆಯ ಮೇಲೆ ಜನ ಗಾಡಿಯನ್ನೇ ಕಳ್ಕೊಂಡಿದ್ದಾರೆ.

ಮೊದಲು ಇತಿಹಾಸ. ಲ್ಯಾಂಡ್ ರೋವರ್ ಮೊದಲು ಜನರ ಮುಂದೆ ಬಂದದ್ದು 1948ರ ಆಮ್‌ಸ್ಟರ್‌ಡ್ಯಾಂ ಪ್ರದರ್ಶನದಲ್ಲಿ. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ಉಕ್ಕಿಗೆ ಬರ, ಹಾಗಾಗಿ ಬಾಡಿ ಅಲ್ಯೂಮಿನಿಯಮ್‌ನದು, ಚಾಸಿ ಮಾತ್ರ ಉಕ್ಕಿನದು. (ಈ ಚಾಸಿಯನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.) ಡಿಫೆಂಡರ್ ಅನ್ನೋ ಹೆಸರು ಬಂದದ್ದು 1990ರಲ್ಲಿ. 1993ರಲ್ಲಿ ಕಂಪನಿ ಅಮೆರಿಕಕ್ಕೆ ಅಂತಲೇ 500 ಡಿಫೆಂಡರ್ 110 ಕಳಿಸಿತು, ಆಮೇಲೆ ಒಂದಷ್ಟು ಡಿಫೆಂಡರ್ 90. 1997ರ ಮಾಡೆಲ್‌ಗೆ ಅಲ್ಲಿ ಮಾರಾಟ ನಿಂತೇಹೋಯ್ತು. ಹೊಸ ಸುರಕ್ಷತಾ ನಿಯಮಕ್ಕೆ ಗಾಡಿ ಹೊಂದಲಿಲ್ಲ.

ಸಿಗದೇ ಇರೋದಕ್ಕೇ ಬೇಡಿಕೆ ಜಾಸ್ತಿ ಅಲ್ವಾ? ಬೇರೆ ದೇಶದಿಂದ ತರಿಸೋಣ ಅಂದ್ರೆ 1988ರ ಕಾನೂನು ಅಡ್ಡ. 80ರ ದಶಕದಲ್ಲಿ ಯುರೋಪಿನ ಮರ್ಸಿಡಿಸ್ ಥರದ ಕಾರುಗಳು ಡೀಲರ್‌ಗಳನ್ನ ದಾಟಿ ನೇರವಾಗಿ ಅಮೆರಿಕಕ್ಕೆ ನುಗ್ತಾ ಇದ್ದವು. ಅದನ್ನ ತಡೆಯೋಕೆ ಬಂದ ಬಿಗಿ ಕಾನೂನು ಅದು. ಉಳಿದಿರೋ ಬಾಗಿಲು ಒಂದೇ: ಗಾಡಿಗೆ 25 ವರ್ಷ ತುಂಬಿದ್ರೆ ಸುರಕ್ಷತಾ ನಿಯಮದಿಂದ ವಿನಾಯಿತಿ. ಅದೂ ಮಾಡೆಲ್ ವರ್ಷದ ಲೆಕ್ಕ ಅಲ್ಲ, ತಯಾರಾದ ತಿಂಗಳಿಂದ ಲೆಕ್ಕ. ಹೊಗೆಯ ನಿಯಮದ ಲೆಕ್ಕವೇ ಬೇರೆ. ಅಲ್ಲಿ 21 ವರ್ಷ ಸಾಕು, ಆದ್ರೆ ಎಂಜಿನ್ ಮೂಲ ಸ್ಥಿತಿಯಲ್ಲಿರಬೇಕು. ಅಂದ್ರೆ ಇಂಗ್ಲೆಂಡಲ್ಲೇ ಎಂಜಿನ್ ಬದಲಾಯಿಸಿ ಹಡಗು ಹತ್ತಿಸಿದ್ರೆ ಬಂದರಿನಲ್ಲೇ ತಕರಾರು ಶುರುವಾಗಬಹುದು.

ಈಗ ಚಾಸಿಯ ವಿಷಯಕ್ಕೆ ಬರೋಣ. ಡಿಫೆಂಡರ್‌ನಲ್ಲಿ ಬಹುತೇಕ ಎಲ್ಲವೂ ಬೋಲ್ಟು-ನಟ್ಟಿನ ಜೋಡಣೆ. ಬಾಗಿಲು, ಚಾವಣಿ, ಎಂಜಿನ್, ಏನನ್ನ ಬೇಕಾದ್ರೂ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಅಲ್ಯೂಮಿನಿಯಮ್ ಬಾಡಿ ದಶಕಗಟ್ಟಲೆ ನಿಲ್ಲುತ್ತೆ, ಅಡಿಯ ಉಕ್ಕಿನ ಚಾಸಿ ತುಕ್ಕು ಹಿಡಿದು ಉದುರುತ್ತೆ. ಸತು ಲೇಪಿಸಿದ ಹೊಸ ಚಾಸಿ ಅಂಗಡಿಯಲ್ಲೇ ಸಿಗುತ್ತೆ. ಆದ್ರೆ ಗಾಡಿಯ ಗುರುತಿನ ನಂಬರ್ ಕೊರೆದಿರೋದೇ ಆ ಹಳೇ ಚಾಸಿ ಮೇಲೆ! ಮಳೆಗೆ ಸೋರೋ ಗಾಡಿಯನ್ನ ರಿಪೇರಿ ಮಾಡಿಸೋ ಪ್ರಾಮಾಣಿಕನೂ, ಹೊಸ ಗಾಡಿಗೆ ಹಳೇ ನಂಬರ್ ಅಂಟಿಸೋ ಕಳ್ಳನೂ ಹೊರಗಿಂದ ಒಂದೇ ಥರ ಕಾಣ್ತಾರೆ.

2013ರಲ್ಲಿ ಅಮೆರಿಕದ ಕಸ್ಟಮ್ಸ್‌ನವರು ಹಳೇದು ಅಂತ ಸುಳ್ಳು ಹೇಳಿ ತಂದಿದ್ದ ಒಂದು ಡಿಫೆಂಡರನ್ನ ಯಂತ್ರದಲ್ಲಿ ಜಜ್ಜಿಸಿ ವಿಡಿಯೋನೂ ಬಿಟ್ಟರು. ಮುಂದಿನ ವರ್ಷ ಜುಲೈನಲ್ಲಿ ಬೇರೆ ಬೇರೆ ಊರುಗಳಿಂದ 40 ಡಿಫೆಂಡರ್‌ಗಳನ್ನ ವಶಕ್ಕೆ ತಗೊಂಡರು. 25 ವರ್ಷ ಆಗಿಲ್ಲ, ನಂಬರ್ ಬದಲಾಗಿದೆ ಅನ್ನೋದು ಆರೋಪ. ದುಡ್ಡು ಕೊಟ್ಟು ಕೊಂಡವರ ಮನೆ ಬಾಗಿಲಿಂದ ಗಾಡಿ ಹೋಯ್ತು. ಮಾಲೀಕರು ಕಾನೂನು ಹೋರಾಟ ಮಾಡಿದ ಮೇಲೆ, 2015ರಲ್ಲಿ ಅವುಗಳಲ್ಲಿ ಹಲವು ವಾಪಸ್ ಬಂದವು.

ವಿಮೆಯವರು ಮಾತ್ರ ಇಷ್ಟು ಮಡಿವಂತರಲ್ಲ. ಮಿಶಿಗನ್‌ನ ಹ್ಯಾಗರ್ಟಿ ಕಂಪನಿ 1984ರಲ್ಲಿ ಶುರುವಾದದ್ದು ಮರದ ದೋಣಿಗಳ ವಿಮೆಗೆ. 1991ರಲ್ಲಿ ಹಳೇ ಕಾರುಗಳಿಗೂ ಕೈ ಹಾಕಿದರು. ಸಾಮಾನ್ಯ ವಿಮೆಯಲ್ಲಿ ಗಾಡಿ ಹಳೇದಾದಷ್ಟೂ ಬೆಲೆ ಇಳಿಯುತ್ತೆ. ಇಲ್ಲಿ ನೀವು ಮತ್ತು ಕಂಪನಿ ಮೊದಲೇ ಒಂದು ಮೊತ್ತ ಒಪ್ಕೊಳ್ತೀರಿ, ಗಾಡಿ ಪೂರ್ತಿ ಹಾಳಾದ್ರೆ ಕೈಗೆ ಬರೋ ಲೆಕ್ಕವೂ ಅದೇ. ಬದಲಿಗೆ ಷರತ್ತುಗಳಿರ್ತವೆ. ದಿನಾ ಓಡಾಡೋಕೆ ಬೇರೆ ಕಾರಿರಬೇಕು, ಇದನ್ನ ಬೀಗ ಹಾಕಿದ ಜಾಗದಲ್ಲಿಡಬೇಕು, ವಾರಾಂತ್ಯದ ಸುತ್ತಾಟಕ್ಕಷ್ಟೇ ತೆಗೀಬೇಕು.

ಮಾರ್ಪಾಡು ಮಾಡಿಸಿದ್ರೂ ಪರವಾಗಿಲ್ಲ ಅನ್ನೋ ಕಲೆಕ್ಟರ್ ವಿಮೆಗಳಿವೆ, ಹೇಳಿ ಮಾಡಿಸಿ ಅಷ್ಟೇ. ಹೇಳದಿದ್ರೆ ಏನಾಗುತ್ತೆ ಗೊತ್ತಾ? 40 ಸಾವಿರ ಡಾಲರಿಗೆ ಒಪ್ಪಂದ ಆಗಿದೆ ಅಂದ್ಕೊಳ್ಳಿ. ಆಮೇಲೆ 30 ಸಾವಿರ ಸುರಿದು ವಿ8 ಹಾಕಿಸಿದ್ರಿ. ಶೆಡ್ಡಿಗೆ ಬೆಂಕಿ ಬಿದ್ರೆ ಸಿಗೋದು ಆ ಹಳೇ 40 ಸಾವಿರವೇ, ಅದಕ್ಕೂ ತಕರಾರು ಬರಬಹುದು. ಇನ್ನು ಕಲ್ಲುಬಂಡೆ ಹತ್ತಿಸೋ ಸ್ಪರ್ಧೆಯಲ್ಲಿ ಮಗುಚಿದ್ರೆ ಸಾಮಾನ್ಯವಾಗಿ ವಿಮೆ ಕಡೆಗೆ ನೋಡೋ ಹಾಗೇ ಇಲ್ಲ. ಆಫ್‌ರೋಡ್ ಗಾಡಿಗೆ ಆಫ್‌ರೋಡ್ ಸ್ಪರ್ಧೆ ನಿಷಿದ್ಧ, ಏನು ಹೇಳೋಣ!

ನಮ್ಮಲ್ಲಿ ನಿಯಮ ಇನ್ನೂ ಬಿಗಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಶುಲ್ಕ 20,000 ರೂಪಾಯಿ. ವಿ8 ತುಂಬಿಸಿದ ಹಳೇ ಜೀಪು ತಗೊಂಡು ಆರ್‌ಟಿಓ ಮುಂದೆ ನಿಂತ್ರೆ ವಿಂಟೇಜ್ ಅನ್ನೋ ಮಾತು ಅಲ್ಲಿಗೇ ಮುಗೀತು.

ಅದಕ್ಕೇ ಅಮೆರಿಕದಲ್ಲಿ ಹುಷಾರಾದವರು ಗಾಡಿಯನ್ನ ಇದ್ದ ಹಾಗೇ ಇಳಿಸ್ಕೊಳ್ತಾರೆ, ಕಾಗದಪತ್ರ ಮುಗಿಸ್ತಾರೆ, ತಮ್ಮ ರಾಜ್ಯದ ಹೊಗೆ ನಿಯಮ ನೋಡ್ಕೊಂಡು ಆಮೇಲಷ್ಟೇ ಸ್ಪ್ಯಾನರ್ ಹಿಡೀತಾರೆ. ಪ್ರತಿ ಹಂತದ ಫೋಟೋ, ಪ್ರತಿ ಬಿಲ್ಲು ಫೈಲಿಗೆ. ಬಿಚ್ಚಿದ ಡೀಸೆಲ್ ಎಂಜಿನ್ನನ್ನೂ ಕೆಲವರು ಗುಜರಿಗೆ ಹಾಕಲ್ಲ. ನಂಬರ್ ಕಾಣೋ ಹಾಗೆ ಒರೆಸಿ, ಟಾರ್ಪಾಲಿನ್ ಹೊದಿಸಿ ಶೆಡ್ಡಿನ ಮೂಲೆಯಲ್ಲಿ ಇಟ್ಕೊಂಡಿರ್ತಾರೆ.